ಪದಚರ್ಚೆ: ‘ನಿರ್ವಹಿಸಬಲ್ಲ ಸ್ವಿಚ್’ – ಇಲ್ಲಿ ನಿರ್ವಹಿಸುವವರು ಯಾರು?

ಬಲ್ಲವರೆಲ್ಲರಿಗೂ ನಮಸ್ಕಾರ.

‘ಬಲ್ಲ’ ಎಂಬ ಪದವೇ ಈ ಪತ್ರವನ್ನು ಬರೆಸುತ್ತಿರುವುದರಿಂದ ಹಾಗೆ ಕರೆದಿದ್ದೇನೆ. ವಿಷಯ ಸ್ವಲ್ಪ ಉದ್ದವಿದೆ.

ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವ ಮನೆಯ ಮುಂದಿನ ಕೋಣೆಯಲ್ಲೇ ತೆರಿಗೆ ಲೆಕ್ಕದ ಕಚೇರಿ ನಡೆಸುತ್ತಾರೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕಂಪ್ಯೂಟರ್ ಕಡತಗಳ ನಕಲು ಇಡುವ ಒಂದು ಡಿಸ್ಕ್ ಪೆಟ್ಟಿಗೆ, ಅಂಗಳ ಕಾಯುವ ಎರಡು ಕ್ಯಾಮೆರಾ. ರಿಟರ್ನ್ಸ್ ಸಲ್ಲಿಸುವ ದಿನಗಳಲ್ಲಿ ಗಿರಾಕಿಗಳು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಹಳೆಯ ಮನೆಯ ದಪ್ಪ ಗೋಡೆ ದಾಟಿ ವೈ-ಫೈ ಆ ಕೋಣೆಗೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಅವರಿಗೂ ಕೇಬಲ್ಲನ್ನೇ ಕೊಡಬೇಕು. ಆದರೆ ಬಂದವರ ಯಂತ್ರ ಕಡತಗಳ ಪೆಟ್ಟಿಗೆಯನ್ನು ಮುಟ್ಟಕೂಡದು. ಜೊತೆಗೆ ಸದ್ದು ಇರಬಾರದು, ಬೆಲೆ ಹೆಚ್ಚಾಗಬಾರದು. ‘ಏನು ಕೊಳ್ಳಬೇಕೆಂದು ಕನ್ನಡದಲ್ಲಿ ಬರೆದು ಕಳಿಸು’ ಎಂದರು. ನಾನು ಎರಡು ಪುಟ ಬರೆದು, ‘ಎಂಟು ಪೋರ್ಟಿನ ನಿರ್ವಹಿಸಬಲ್ಲ ಸ್ವಿಚ್ ಕೊಳ್ಳಿ’ ಎಂದು ಮುಗಿಸಿದೆ. (ಇದು ದೀಪದ ಸ್ವಿಚ್ ಅಲ್ಲ, ಹಲವು ಯಂತ್ರಗಳ ಕೇಬಲ್ಲುಗಳನ್ನು ಸಿಕ್ಕಿಸಿ ಒಂದು ಜಾಲ ಮಾಡುವ ಪೆಟ್ಟಿಗೆ. ಪೋರ್ಟ್ ಎಂದರೆ ಅದರಲ್ಲಿ ಕೇಬಲ್ ಸಿಕ್ಕಿಸುವ ಜಾಗ. ಇಂಗ್ಲಿಷಿನಲ್ಲಿ ಈ ಜಾತಿಯನ್ನು ‘ಮ್ಯಾನೇಜಬಲ್’ ಅಥವಾ ‘ಮ್ಯಾನೇಜ್ಡ್’ ಎನ್ನುತ್ತಾರೆ.)

ಮರುದಿನ ಫೋನ್ ಬಂತು. ‘ಅದು ಏನನ್ನು ನಿರ್ವಹಿಸಬಲ್ಲದು? ನನ್ನ ಕಚೇರಿಯನ್ನೇ? ಹಾಗಿದ್ದರೆ ಎರಡು ತರಿಸುತ್ತೇನೆ.’

ನಕ್ಕು ಫೋನ್ ಇಟ್ಟ ಮೇಲೆ ಯೋಚಿಸಿದರೆ ಮಾವ ಹೇಳಿದ್ದೇ ಸರಿ. ‘ಓದಬಲ್ಲ ಹುಡುಗ’ ಎನ್ನುತ್ತೇವೆ, ‘ಓದಬಲ್ಲ ಪುಸ್ತಕ’ ಎನ್ನುವುದಿಲ್ಲ. ಪುಸ್ತಕವಾದರೆ ‘ಓದಬಹುದಾದ’ ಅಥವಾ ‘ಓದಲು ಬರುವ’. ‘ಬಲ್ಲ’ ಎಂಬುದು ಕೆಲಸ ಮಾಡುವವನಿಗೆ ಅಂಟಿಕೊಳ್ಳುತ್ತದೆಯೇ ಹೊರತು ಕೆಲಸಕ್ಕೆ ಒಳಗಾಗುವುದಕ್ಕೆ ಅಲ್ಲ. ಇಂಗ್ಲಿಷಿನಲ್ಲಿ ‘-ಏಬಲ್’ ಎಂದು ಮುಗಿಯುವ ಪದ ಕಂಡ ಕೂಡಲೇ ಕಣ್ಣು ಮುಚ್ಚಿ ‘-ಬಲ್ಲ’ ಹಚ್ಚುವ ಚಾಳಿ ನಮ್ಮ ಅನುವಾದಗಳಲ್ಲಿ ಬೆಳೆದಿದೆ. ‘ತೊಳೆಯಬಲ್ಲ ಹೊದಿಕೆ’ ಎಂದು ಒಂದು ಪೊಟ್ಟಣದ ಮೇಲೆ ನಾನೇ ಓದಿದ್ದೇನೆ. ಅಂಥ ಹೊದಿಕೆ ಸಿಕ್ಕಿದರೆ ಮನೆಯ ಪಾತ್ರೆಗಳನ್ನೂ ಅದಕ್ಕೇ ವಹಿಸಬಹುದು.

ಹಾಗಾದರೆ ‘ನಿರ್ವಹಿಸುವ ಸ್ವಿಚ್’ ಎಂದರೆ? ಇಲ್ಲಿ ಕನ್ನಡದ ಕೃದಂತ ಎರಡೂ ಕಡೆಗೆ ವಾಲುತ್ತದೆ. ‘ಕುಡಿಯುವ ನೀರು’, ‘ಕುಡಿಯುವ ಗಂಡ’ – ರೂಪ ಒಂದೇ, ಒಂದರಲ್ಲಿ ಕುಡಿಸಿಕೊಳ್ಳುವುದು, ಇನ್ನೊಂದರಲ್ಲಿ ಕುಡಿಯುವವನು. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ನೀರೂ ಗಂಡನೂ ನಮಗೆ ಗೊತ್ತು. ಸ್ವಿಚ್ ಗೊತ್ತಿಲ್ಲ. ಅದು ತಾನೇ ಏನನ್ನೋ ನಿರ್ವಹಿಸುತ್ತದೆಯೋ, ಅದನ್ನು ಯಾರೋ ನಿರ್ವಹಿಸುತ್ತಾರೋ ಎಂಬುದನ್ನು ಪದವೇ ಹೇಳಬೇಕು, ಓದುಗನ ಲೋಕಜ್ಞಾನಕ್ಕೆ ಬಿಡಲಾಗದು.

ಪತ್ರವನ್ನು ತಿದ್ದಿ ‘ನಿರ್ವಹಿತ ಸ್ವಿಚ್’ ಎಂದು ಬರೆದೆ. ಅನುದಾನಿತ ಶಾಲೆ ಇರುವಾಗ ನಿರ್ವಹಿತ ಸ್ವಿಚ್ ಏಕಿರಬಾರದು ಎಂಬ ಧೈರ್ಯ. ಮಾವನ ಮುಂದಿನ ಪ್ರಶ್ನೆ: ‘ವರ್ಷಕ್ಕೆ ಎಷ್ಟು ಕಟ್ಟಬೇಕು?’ ಅವರ ಕಂಪ್ಯೂಟರುಗಳಿಗೆ ವಾರ್ಷಿಕ ನಿರ್ವಹಣಾ ಒಪ್ಪಂದವಿದೆ, ಮೂರು ತಿಂಗಳಿಗೊಮ್ಮೆ ಒಬ್ಬ ಹುಡುಗ ಬಂದು ಧೂಳು ಹೊಡೆದು ಹೋಗುತ್ತಾನೆ. ನಿರ್ವಹಿತ ಎಂದರೆ ಕಂಪನಿಯವರೇ ನೋಡಿಕೊಳ್ಳುತ್ತಾರೆ ಎಂದು ಅವರು ಅರ್ಥಮಾಡಿಕೊಂಡರು. ವಾಸ್ತವ ಅದಕ್ಕೆ ತಿರುಗುಮುರುಗು: ಈ ಜಾತಿಯ ಸ್ವಿಚ್ಚನ್ನು, ಯಾವ ಯಂತ್ರ ಯಾವುದರೊಡನೆ ಮಾತಾಡಬಹುದು ಎಂಬುದನ್ನೆಲ್ಲ, ಕೊಂಡವನೇ ಕುಳಿತು ಹೊಂದಿಸಿಕೊಳ್ಳಬೇಕು.

ತೊಡಕಿನ ಬೇರು ‘ನಿರ್ವಹಣೆ’ಯಲ್ಲೇ ಇದೆ ಎನಿಸುತ್ತದೆ. ಆಡಳಿತ ನಡೆಸುವುದಕ್ಕೂ ಅದೇ ಪದ, ದುರಸ್ತಿ ಮಾಡಿ ಸುಸ್ಥಿತಿಯಲ್ಲಿ ಇಡುವುದಕ್ಕೂ ಅದೇ ಪದ. ಪತ್ರಿಕೆಗಳಲ್ಲಿ ಉದ್ಯಾನ ಪಾಳುಬೀಳುವುದು ‘ನಿರ್ವಹಣೆಯಿಲ್ಲದೆ’, ಕೊಳವೆ ಒಡೆಯುವುದು ‘ನಿರ್ವಹಣೆ ಕೊರತೆ’ಯಿಂದ. ಆದ್ದರಿಂದ ಇನ್ನೊಂದು ಜಾತಿಯ, ತಂತಿ ಸಿಕ್ಕಿಸಿದರೆ ಸಾಕು ಓಡುವ ಸಾದಾ ಸ್ವಿಚ್ಚನ್ನು ‘ನಿರ್ವಹಣೆಯಿಲ್ಲದ ಸ್ವಿಚ್’ ಎಂದರೆ ಯಾವುದೋ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಪೆಟ್ಟಿಗೆ ಕಣ್ಣಿಗೆ ಕಟ್ಟುತ್ತದೆ.

ಇಂಗ್ಲಿಷಿನಲ್ಲಾದರೂ ಎಲ್ಲ ಸ್ವಚ್ಛವಾಗಿದೆಯೇ ಎಂದರೆ ಅದೂ ಇಲ್ಲ. ಟಿಪಿ-ಲಿಂಕ್‌ನವರ ಟಿಎಲ್-ಎಸ್‌ಜಿ108ಇ ಎಂಬ ಎಂಟು ಪೋರ್ಟಿನ ಸ್ವಿಚ್ಚನ್ನು ‘ಈಸಿ ಸ್ಮಾರ್ಟ್’ ಎಂದೂ ಮಾರಿದ್ದಾರೆ, ‘ಅನ್‌ಮ್ಯಾನೇಜ್ಡ್ ಪ್ರೊ’ ಎಂದೂ ಮಾರಿದ್ದಾರೆ. ಅದೇ ಬಗೆಯ ನೆಟ್‌ಗೇರ್ ಜಿಎಸ್308ಇ ‘ಸ್ಮಾರ್ಟ್ ಮ್ಯಾನೇಜ್ಡ್ ಪ್ಲಸ್’. ಎರಡರಲ್ಲೂ ಬ್ರೌಸರಿನಲ್ಲಿ ಒಂದು ಪುಟ ತೆರೆದು ಕೆಲವು ಸಂಗತಿಗಳನ್ನು ಹೊಂದಿಸಬಹುದು, ಅಷ್ಟೇ. ಒಬ್ಬರ ನಿಘಂಟಿನಲ್ಲಿ ಅದು ಮ್ಯಾನೇಜ್ಡ್, ಇನ್ನೊಬ್ಬರದರಲ್ಲಿ ಅನ್‌ಮ್ಯಾನೇಜ್ಡ್! ಮೂಲದಲ್ಲೇ ಇಷ್ಟು ಗೊಂದಲವಿರುವಾಗ ಪದಕ್ಕೆ ಪದ ಇಟ್ಟು ಅನುವಾದಿಸುವುದಕ್ಕಿಂತ ಅದು ಮಾಡುವ ಕೆಲಸ ನೋಡಿ ಹೆಸರಿಡುವುದೇ ಮೇಲು.

ಆ ಕೆಲಸವನ್ನು ಮಾವನಿಗೆ ವಿವರಿಸಿದ್ದು ಹೀಗೆ: ಕೂಡುಕುಟುಂಬ ಒಡೆದ ಮೇಲೂ ಅಣ್ಣತಮ್ಮಂದಿರು ಅದೇ ಮನೆಯಲ್ಲಿ ಇರುತ್ತಾರೆ. ಸೂರು ಒಂದೇ, ಬಾವಿ ಒಂದೇ, ಒಲೆ ಮಾತ್ರ ಬೇರೆ. ಒಬ್ಬರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಜಾಲ ಮಾಡುವ ‘ವಿಲ್ಯಾನ್’ ಎಂಬ ಏರ್ಪಾಡು ಇದೇ: ಪೆಟ್ಟಿಗೆ ಒಂದೇ, ಹೊರಗಿನ ಇಂಟರ್‌ನೆಟ್ ಒಂದೇ, ಆದರೆ ಗಿರಾಕಿಗಳ ಒಲೆ ಬೇರೆ, ಕಚೇರಿಯ ಒಲೆ ಬೇರೆ. 802.1ಕ್ಯು ಎಂಬ ಇದರ ಮಾನಕ 1998ರಲ್ಲಿ ಬಂತು. ಅದರಲ್ಲಿ ಪ್ರತಿ ಪಾಲಿಗೂ 12 ಬಿಟ್ಟಿನ (ಅಂದರೆ ಹನ್ನೆರಡು ಸೊನ್ನೆ-ಒಂದುಗಳ) ಒಂದು ಸಂಖ್ಯೆ ಇರುತ್ತದೆ, ಲೆಕ್ಕಕ್ಕೆ 4,094 ಒಲೆ ಹೂಡಬಹುದು. ಅಷ್ಟು ದಾಯಾದಿಗಳು ಯಾರಿಗೂ ಬೇಡ.

ಇದನ್ನು ಹುಡುಕುವಾಗ ಒಂದು ಸಂತೋಷವೂ ಸಿಕ್ಕಿತು. ಮೇಲೆ ಹೇಳಿದ ಟಿಪಿ-ಲಿಂಕ್ ಸ್ವಿಚ್ಚಿನಲ್ಲಿ ‘ಎಂಟಿಯು ವಿಲ್ಯಾನ್’ ಎಂಬ ಒಂದು ಬಗೆ ಇದೆ. ಬಿಡಿಸಿದರೆ ‘ಮಲ್ಟಿ ಟೆನೆಂಟ್ ಯೂನಿಟ್’. ಎಲ್ಲ ಪೋರ್ಟುಗಳೂ ಹೊರಬಾಗಿಲ ಪೋರ್ಟಿನೊಂದಿಗೆ ಮಾತ್ರ ಮಾತಾಡುತ್ತವೆ, ಒಂದರೊಡನೊಂದು ಮಾತಿಲ್ಲ. ಇದಕ್ಕೆ ನಮ್ಮಲ್ಲಿ ಎಂದಿನಿಂದಲೂ ಪದ ಇದೆ: ವಠಾರ! (ವಠಾರದ ಮನೆಗಳು ಒಂದರೊಡನೊಂದು ಮಾತಾಡದೆ ಇದ್ದದ್ದು ಎಲ್ಲಿ ಎಂದು ಕೇಳಬೇಡಿ.) ಮಾವನಿಗೆ ಬೇಕಾದದ್ದು ವಠಾರವಲ್ಲ, ಪಾಲಾದ ಮನೆ, ಅವರ ಕಂಪ್ಯೂಟರುಗಳು ಕಡತಗಳ ಪೆಟ್ಟಿಗೆಯೊಂದಿಗೆ ಮಾತಾಡಲೇಬೇಕು.

‘ಸ್ವಿಚ್’ ಎಂಬುದಕ್ಕೂ ಕನ್ನಡ ಪದ ಬೇಡವೇ ಎಂದು ಕೆಲವರು ಕೇಳಬಹುದು. ‘ಗುಂಡಿ’ ಎಂದರೆ ದೀಪದ ಗುಂಡಿ, ಇಲ್ಲವೇ ಅಂಗಿಯ ಗುಂಡಿ, ಇಲ್ಲವೇ ರಸ್ತೆಯದು. ‘ವಿಂಗಡಕ’ ಕೆಲಸಕ್ಕೆ ಹತ್ತಿರ, ಏಕೆಂದರೆ ಸ್ವಿಚ್ ಮಾಡುವುದು ಟಪಾಲು ವಿಂಗಡಿಸುವವನ ಕೆಲಸವನ್ನೇ: ಹಳೆಯ ಹಬ್ ಬಂದ ಕಾಗದವನ್ನು ಬೀದಿಯ ಎಲ್ಲ ಮನೆಗೂ ಕೂಗಿ ಹೇಳುತ್ತಿತ್ತು, ಸ್ವಿಚ್ ವಿಳಾಸ ನೋಡಿ ಆ ಮನೆಗೆ ಮಾತ್ರ ಕೊಡುತ್ತದೆ. ಆದರೂ ನನ್ನ ಮತ ಸ್ವಿಚ್ ಹಾಗೇ ಇರಲಿ ಎಂದು. ಅಂಗಡಿಗೆ ಹೋಗಿ ವಿಂಗಡಕ ಕೇಳಿದರೆ ಅಡಿಕೆ ವಿಂಗಡಿಸುವ ಯಂತ್ರ ತೋರಿಸಿಯಾರು. ಅಲ್ಲದೆ ಇಂಗ್ಲಿಷಿನಲ್ಲೂ ಆ ಹೆಸರು ತಾಂತ್ರಿಕವಾಗಿ ಹುಟ್ಟಿದ್ದಲ್ಲ. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಮಾನಕಗಳು ಈ ಪೆಟ್ಟಿಗೆಯನ್ನು ‘ಬ್ರಿಡ್ಜ್’, ಅಂದರೆ ಸೇತುವೆ ಎನ್ನುತ್ತವೆ. ‘ಸ್ವಿಚ್’ ಎಂಬ ಹೆಸರನ್ನು ಪೇಟೆಗೆ ತಂದದ್ದು ಅಮೆರಿಕದ ಒಂದು ಕಂಪನಿ, 1990ರ ಸುಮಾರಿಗೆ, ಏಳು ಪೋರ್ಟಿನ ‘ಈಥರ್‌ಸ್ವಿಚ್’ನೊಂದಿಗೆ. ಬಹು ಪೋರ್ಟುಗಳ ಮೊದಲ ಈಥರ್‌ನೆಟ್ ಸ್ವಿಚ್ ಅದೇ. ಆ ಕಂಪನಿಯ ಹೆಸರು ಕಲ್ಪನಾ. ಭಾರತ ಮೂಲದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. 1994ರಲ್ಲಿ ನೆಟ್‌ವರ್ಕ್ ಸಾಮಗ್ರಿ ಮಾಡುವ ಸಿಸ್ಕೊ ಕಂಪನಿ ಅದನ್ನು ಕೊಂಡುಕೊಂಡಿತು. ಆಗಲೇ ಜನ ಪೆಟ್ಟಿಗೆಯನ್ನು ‘ಕಲ್ಪನಾ’ ಎಂದು ಕರೆಯತೊಡಗಿದ್ದರೆ ಇವತ್ತು ಈ ಪ್ಯಾರಾ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಪೋರ್ಟಿನ ವಿಷಯದಲ್ಲಿ ಮಾತ್ರ ನನಗೆ ಆಸೆಯಿದೆ. ಒಂದು ಮಾರಾಟ ತಾಣದ ಯಂತ್ರಾನುವಾದದಲ್ಲಿ ‘8 ಬಂದರುಗಳು’ ಎಂದಿತ್ತು. ನವಮಂಗಳೂರನ್ನೂ ಕಾರವಾರವನ್ನೂ ಸೇರಿಸಿದರೂ ಎಂಟು ಆಗುವುದು ಕಷ್ಟ. ಇದಕ್ಕೆ ‘ಕಿಂಡಿ’ ಎನ್ನಬಾರದೇ? ಮಲೆನಾಡು ಕರಾವಳಿಯವರಿಗೆ ಕಿಂಡಿ ಅಣೆಕಟ್ಟು ಗೊತ್ತು: ಬೇಕಾದ ಕಿಂಡಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಬೇಡವಾದಾಗ ಎತ್ತುತ್ತಾರೆ. ಎಂಟು ಕಿಂಡಿಯ ಸ್ವಿಚ್, ಯಾವ ಕಿಂಡಿಗೆ ಹಲಗೆ ಹಾಕಬೇಕು ಎಂಬುದು ನಿಮ್ಮ ಕೈಯಲ್ಲಿ ಎಂದಾಗ ಮಾವ ಮೊದಲ ಬಾರಿಗೆ ‘ಹೂಂ’ ಎಂದರು. ಬಯಲುಸೀಮೆಯ ಗೆಳೆಯರೊಬ್ಬರು ಇದನ್ನು ಕೇಳಿ, ‘ನಮ್ಮಲ್ಲಾದರೆ ಸಾದಾ ಸ್ವಿಚ್ ಎಂದರೆ ಬರೀ ಕಾಲುವೆ, ನಿಮ್ಮದು ನೀರುಗಂಟಿ ಇರುವ ಕಾಲುವೆ’ ಎಂದರು. ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರುಗಂಟಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಹೋಲಿಕೆ ಸರಿ, ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಪದವಾಗಲಾರದು.

ಇನ್ನು ಸದ್ದು. ಇದರ ಬಗ್ಗೆ ನನಗೆ ಸ್ವಂತ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಕಚೇರಿಯೊಂದು ಬಿಸಾಡಿದ, ಕಬ್ಬಿಣದ ಚೌಕಟ್ಟಿಗೆ ಕೂರಿಸುವ 24 ಪೋರ್ಟಿನ ರ‍್ಯಾಕ್ ಸ್ವಿಚ್ ತಂದು ಮನೆಯ ಕಪಾಟಿನ ಮೇಲೆ ಇಟ್ಟೆ. ಚಾಲೂ ಮಾಡಿದ ಗಳಿಗೆ ಅಡುಗೆಮನೆಯಿಂದ ಅಮ್ಮ ಓಡಿ ಬಂದು, ಮಿಕ್ಸಿಗೆ ಏನು ಹಾಕಿದ್ದೀಯೆ ಎಂದು ಕೇಳಿದರು. ಅಂಥ ಪೆಟ್ಟಿಗೆಗಳ ಎತ್ತರ 44.45 ಮಿಲಿಮೀಟರ್, ಆದ್ದರಿಂದ ಒಳಗೆ 40 ಮಿಲಿಮೀಟರಿನ ಪುಟ್ಟ ಫ್ಯಾನುಗಳೇ ಹಿಡಿಸುವುದು. ಪುಟ್ಟ ಫ್ಯಾನು ಸಾಕಷ್ಟು ಗಾಳಿ ದೂಡಬೇಕಾದರೆ ಹುಚ್ಚಾಗಿ ತಿರುಗಬೇಕು, ಹಾಗೆ ತಿರುಗಿದಾಗ ಬರುವುದು ಗುಂಯ್‌ಗುಟ್ಟುವ ಸದ್ದಲ್ಲ, ಹಲ್ಲು ಜುಮ್ಮೆನ್ನಿಸುವ ಕೀರಲು. ಒಂದು ರಾತ್ರಿ ಕರೆಂಟು ಹೋಯಿತು. ಫ್ರಿಜ್ ನಿಂತಿತು, ಸೀಲಿಂಗ್ ಫ್ಯಾನ್ ನಿಂತಿತು, ಬೀದಿಯೇ ಮೌನವಾಯಿತು. ಯುಪಿಎಸ್‌ಗೆ ಸಿಕ್ಕಿಸಿದ್ದ ಸ್ವಿಚ್ ಒಂದೇ ಕತ್ತಲಲ್ಲಿ ಕಿರುಚುತ್ತಿತ್ತು. ಎದ್ದು ಹೋಗಿ ತಂತಿ ಕಿತ್ತೆ.

ಹಾಗಾಗಿ ಮಾವನಿಗೆ ಬರೆಯುವಾಗ ಈ ಗುಣಕ್ಕೆ ನಿಖರವಾದ ಪದ ಬೇಕಿತ್ತು. ‘ಮೌನ ಸ್ವಿಚ್’ ಸಲ್ಲದು, ಮೌನ ಮಾತು ಬಲ್ಲವರಿಗೆ ಮಾತ್ರ. ‘ಸದ್ದಿಲ್ಲದ’ ಚೆನ್ನಾಗಿದೆ, ಆದರೆ ‘ಸದ್ದಿಲ್ಲದೆ’ ಆದ ಕೂಡಲೇ ಅದಕ್ಕೆ ಗುಟ್ಟಿನ ವಾಸನೆ ಬರುತ್ತದೆ: ಸದ್ದಿಲ್ಲದೆ ಬೆಲೆ ಏರಿಸಿದರು, ಸದ್ದಿಲ್ಲದೆ ಮದುವೆ ಮುಗಿಸಿದರು. ‘ನಿಶ್ಶಬ್ದ’ ತುಸು ಬಿಗಿ, ಮೇಲಾಗಿ ಶಬ್ದ ಎಂದರೆ ಪದವೂ ಹೌದಾದ್ದರಿಂದ ಪದಚರ್ಚೆಯಲ್ಲಿ ಅದನ್ನು ಬಳಸಲು ಮುಜುಗರ. ಶಬ್ದವೇ ತದ್ಭವವಾಗಿ ಸದ್ದು ಆಗಿದೆ, ಆದರೆ ಆ ದಾರಿಯಲ್ಲಿ ಪದದ ಅರ್ಥವನ್ನು ಕಳಚಿ ಸಪ್ಪಳವನ್ನಷ್ಟೇ ಉಳಿಸಿಕೊಂಡಿದೆ. ಕೊನೆಗೆ ಗುಣ ಬಿಟ್ಟು ಕಾರಣವನ್ನೇ ಬರೆದೆ: ‘ಫ್ಯಾನ್ ಇಲ್ಲದ ಸ್ವಿಚ್’. ‘ಬೀಸಣಿಗೆರಹಿತ’ ಎಂದು ಬರೆಯಬಹುದಿತ್ತು, ಆದರೆ ಚಾಮರದವರು ರಜೆಗೆ ಹೋದ ಅರಸನ ಚಿತ್ರ ಬರುತ್ತದೆ. ಕ್ಯಾಮೆರಾಗಳಿಗೆ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಪಿಒಇ ಬೇಡ ಎಂದೂ ಬರೆದೆ. ಅವರ ಕ್ಯಾಮೆರಾಗಳಿಗೆ ಬೇರೆ ಅಡಾಪ್ಟರ್ ಇದೆ, ಪಿಒಇ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಬಿಸಿ ಹೆಚ್ಚಾದಲ್ಲಿ ಫ್ಯಾನು ಹಿಂಬಾಗಿಲಿನಿಂದ ಬರುತ್ತದೆ.

ಬೆಲೆಯ ಪದದಲ್ಲಿ ಹೆಚ್ಚು ಕಷ್ಟವಿಲ್ಲ. ‘ಅಗ್ಗದ’ ಎಂದರೆ ಅಗ್ಗದ ಪ್ರಚಾರದ ನೆನಪಾಗುತ್ತದೆ. ‘ಕೈಗೆಟುಕುವ’ ಜಾಹೀರಾತುಗಳಲ್ಲಿ ಸವೆದು ಹೋಗಿದೆ. ಧಾರವಾಡದ ಕಡೆಯ ‘ಸೋವಿ’ ನನಗೆ ಇಷ್ಟ, ತುಟ್ಟಿಗೆ ಎದುರಾಗಿ ಅದು ನೆಟ್ಟಗೆ ನಿಲ್ಲುತ್ತದೆ, ಆದರೆ ತೀರ್ಥಹಳ್ಳಿಯಲ್ಲಿ ನಡೆಯುತ್ತದೆಯೋ ಕಾಣೆ. ‘3,000 ರೂಪಾಯಿಯ ಆಚೀಚೆ’ ಎಂದು ಬರೆದುಬಿಟ್ಟೆ. ಲೆಕ್ಕಿಗರಿಗೆ ವಿಶೇಷಣಕ್ಕಿಂತ ಅಂಕಿ ಹಿತ.

ಈಗ ಪತ್ರದ ಸಾಲು ಹೀಗಿದೆ: ‘ಎಂಟು ಕಿಂಡಿಯ, ಫ್ಯಾನ್ ಇಲ್ಲದ, ನಾವೇ ಹೊಂದಿಸಿಕೊಳ್ಳಬಹುದಾದ ಸ್ವಿಚ್ ಕೊಳ್ಳಿ.’ ಅರ್ಥ ತಪ್ಪುವುದಿಲ್ಲ, ಆದರೆ ‘ನಾವೇ ಹೊಂದಿಸಿಕೊಳ್ಳಬಹುದಾದ’ ಎಂಬುದು ಪದವಲ್ಲ, ಮೆರವಣಿಗೆ. ‘ಹೇಳಿದಂತೆ ಕೇಳುವ ಸ್ವಿಚ್’ ಎಂದು ಮಾವನೇ ಸೂಚಿಸಿದ್ದಾರೆ. ಮಾತಿಗೆ ಚೆನ್ನ, ಮಕ್ಕಳ ವಿಷಯದಲ್ಲಿ ಆಡುವ ಮಾತಿನಂತೆ ಕೇಳುತ್ತದೆ ಎಂಬುದೊಂದೇ ಅಳುಕು. ‘ಹೊಂದಿಕೆ ಸ್ವಿಚ್’ ಎಂದು ಮೊಟಕು ಮಾಡಬಹುದೇ? ಅಥವಾ ಹೊಂದಿಕೆ ಎಂದರೆ ಎಲ್ಲರೊಂದಿಗೆ ಹೊಂದಿಕೊಂಡು ಹೋಗುವುದು ಎಂದಾಗಿಬಿಡುತ್ತದೆಯೇ? ನೆಟ್‌ವರ್ಕ್ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ, ನಿಮ್ಮ ಊರಿನ ಅಂಗಡಿಯಲ್ಲಿ, ತಂತಿ ಎಳೆಯುವ ಹುಡುಗರ ನಡುವೆ ಈ ಎರಡು ಜಾತಿಗಳನ್ನು ಏನೆಂದು ಬೇರ್ಪಡಿಸುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ. ‘ಸಾದಾ’ ಎಂಬುದು ಒಂದಕ್ಕೆ ಸಿಕ್ಕಿದೆ. ಸಾದಾ ಅಲ್ಲದ್ದನ್ನು ಏನೆನ್ನುತ್ತಾರೆ? ‘ಮಸಾಲೆ’ ಎಂದು ಮಾತ್ರ ಬರೆಯಬೇಡಿ, ಮಾವ ಅದನ್ನು ಆಗಲೇ ಹೇಳಿ ಮುಗಿಸಿದ್ದಾರೆ.