ಹೈಡ್ರೋಸೈಕ್ಲೋನ್‌ನ ಅಂಡರ್‌ಫ್ಲೋದಲ್ಲಿ ನುಣ್ಣನೆಯ ಮ್ಯಾಗ್ನೆಟೈಟ್ ಏಕೆ ಉಳಿಯುತ್ತದೆ?

ಪ್ರಶ್ನೆ
ಬಾಲ್ ಮಿಲ್‌ನಿಂದ (ಗುಂಡುಗಳಿಂದ ಅದಿರನ್ನು ಅರೆಯುವ ಯಂತ್ರ) ಹೊರಬರುವ ಕಬ್ಬಿಣದ ಅದಿರಿನ ಸ್ಲರಿಯನ್ನು (ನೀರು ಬೆರೆತ ಪುಡಿ) ಹೈಡ್ರೋಸೈಕ್ಲೋನ್‌ಗೆ (ಸುಳಿಯ ಬಲದಿಂದ ಕಣಗಳನ್ನು ಬೇರ್ಪಡಿಸುವ ಶಂಕುವಿನಾಕಾರದ ಪಾತ್ರೆ) ಪಂಪ್ ಮಾಡಿ, ಸುಮಾರು 75 ಮೈಕ್ರಾನ್‌ಗಿಂತ ದಪ್ಪನೆಯ ಕಣಗಳನ್ನು ಅಂಡರ್‌ಫ್ಲೋ (ಕೆಳಗಿನ ಹೊರಹರಿವು) ಮೂಲಕ ಮತ್ತೆ ಮಿಲ್‌ಗೆ ಕಳುಹಿಸುವ ವ್ಯವಸ್ಥೆ ನಮ್ಮಲ್ಲಿದೆ. ಆದರೆ ಅಂಡರ್‌ಫ್ಲೋ ಮಾದರಿಯನ್ನು ಜರಡಿ ಹಿಡಿದಾಗ 45 ಮೈಕ್ರಾನ್ ಜರಡಿಯಿಂದ ಕೆಳಗಿಳಿಯುವ ಪುಡಿ ಸಾಕಷ್ಟಿರುತ್ತದೆ, ಅದರಲ್ಲಿ ಬಹುಪಾಲು ಕಪ್ಪು ಮ್ಯಾಗ್ನೆಟೈಟ್ (ಕಬ್ಬಿಣದ ಖನಿಜ). ಓವರ್‌ಫ್ಲೋದಲ್ಲಿಯಾದರೋ (ಮೇಲಿನ ಹೊರಹರಿವು) ಅದಕ್ಕಿಂತ ದಪ್ಪನೆಯ ಬಿಳಿ ಸಿಲಿಕಾ ಕಣಗಳು ಕಾಣುತ್ತವೆ. ಏಪೆಕ್ಸ್ (ಸೈಕ್ಲೋನ್‌ನ ತಳದ ಕಂಡಿ) ದೊಡ್ಡದು ಮಾಡಿದರೆ ಇದು ಸರಿಹೋದೀತೇ?

ಉತ್ತರ 1
ಸೈಕ್ಲೋನ್ ಕಣದ ಗಾತ್ರವನ್ನು ನೇರವಾಗಿ ಅಳೆಯುವುದಿಲ್ಲ. ಸುಳಿಯೊಳಗೆ ಕಣವು ಎಷ್ಟು ವೇಗವಾಗಿ ಗೋಡೆಯ ಕಡೆಗೆ ಸರಿಯುತ್ತದೆ ಎಂಬುದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಟೋಕ್ಸ್ ನಿಯಮದಂತೆ ಈ ವೇಗವು ಕಣದ ವ್ಯಾಸದ ವರ್ಗಕ್ಕೂ, ಕಣ ಮತ್ತು ದ್ರವಗಳ ಸಾಂದ್ರತೆಯ ವ್ಯತ್ಯಾಸಕ್ಕೂ ಅನುಗುಣವಾಗಿರುತ್ತದೆ. ಕ್ವಾರ್ಟ್ಜ್‌ನ (ಸಿಲಿಕಾ ಖನಿಜ) ಸಾಪೇಕ್ಷ ಸಾಂದ್ರತೆ 2.65, ಮ್ಯಾಗ್ನೆಟೈಟ್‌ನದು ಸುಮಾರು 5.2, ನೀರಿನ 1 ಕಳೆದರೆ ಉಳಿಯುವುದು 1.65 ಮತ್ತು 4.2. ಇವುಗಳ ಅನುಪಾತದ ವರ್ಗಮೂಲ ಸುಮಾರು 1.6 ಆಗುವುದರಿಂದ, 75 ಮೈಕ್ರಾನ್‌ನ ಕ್ವಾರ್ಟ್ಜ್ ಕಣವೂ 47 ಮೈಕ್ರಾನ್‌ನ ಮ್ಯಾಗ್ನೆಟೈಟ್ ಕಣವೂ ಸೈಕ್ಲೋನ್‌ನ ಪಾಲಿಗೆ ಒಂದೇ. ಸ್ಲರಿ ಗಟ್ಟಿಯಾದಷ್ಟೂ ಈ ಅಂತರ ಹಿಗ್ಗುತ್ತದೆ. ಸುತ್ತಲಿನ ಮಿಶ್ರಣದ ಸಾಂದ್ರತೆಯನ್ನೇ 1.5 ಎಂದು ಹಿಡಿದರೆ ಅದೇ ಲೆಕ್ಕ 1.8ರ ಹತ್ತಿರ ಬರುತ್ತದೆ. ಹೀಗಾಗಿ ಈಗಾಗಲೇ ಸಿಲಿಕಾದಿಂದ ಬಿಡಿಸಿಕೊಂಡ ಮ್ಯಾಗ್ನೆಟೈಟ್ ಮತ್ತೆ ಮತ್ತೆ ಮಿಲ್ ಸೇರಿ ಅನಗತ್ಯವಾಗಿ ಇನ್ನಷ್ಟು ನುಣ್ಣಗಾಗುತ್ತದೆ, ವಿದ್ಯುತ್ತೂ ವ್ಯರ್ಥವಾಗುತ್ತದೆ.

ಉತ್ತರ 2
ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಅತಿ ನುಣ್ಣನೆಯ ಕಣಗಳು ನೀರಿನ ಬೆನ್ನು ಹತ್ತಿ ಹೋಗುತ್ತವೆ. ಫೀಡ್‌ನ (ಸೈಕ್ಲೋನ್‌ಗೆ ಬರುವ ಸ್ಲರಿಯ) ನೀರಿನಲ್ಲಿ ಶೇ. 30ರಷ್ಟು ಅಂಡರ್‌ಫ್ಲೋಗೆ ಇಳಿದರೆ, ಆ ಕಣಗಳೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತವೆ. ಏಪೆಕ್ಸ್ ದೊಡ್ಡದಾದರೆ ಈ ನೀರು ಹೆಚ್ಚುವುದರಿಂದ ನಿಮ್ಮ ತೊಂದರೆಯೂ ಹೆಚ್ಚುತ್ತದೆ. ಹಾಗೆಂದು ತೀರ ಚಿಕ್ಕದು ಮಾಡಬಾರದು: ಅಂಡರ್‌ಫ್ಲೋ ಕೊಡೆಯಂತೆ ಬಿಚ್ಚಿಕೊಂಡು ಬೀಳುವ ಬದಲು ಹಗ್ಗದಂತೆ ನೇರವಾಗಿ ಇಳಿಯತೊಡಗಿದರೆ, ದಪ್ಪ ಕಣಗಳು ಓವರ್‌ಫ್ಲೋಗೆ ನುಗ್ಗುತ್ತಿವೆ ಎಂದೇ ತಿಳಿಯಬೇಕು. ಮೊದಲು ಫೀಡ್, ಓವರ್‌ಫ್ಲೋ, ಅಂಡರ್‌ಫ್ಲೋ ಮೂರರ ಮಾದರಿಗಳನ್ನೂ ಒಂದೇ ವೇಳೆಗೆ ತೆಗೆದು, ನೀರಿನಲ್ಲಿ ಜರಡಿ ಹಿಡಿದು, ಪ್ರತಿಯೊಂದು ಗಾತ್ರದ ಪಾಲಿನಲ್ಲೂ ಕಬ್ಬಿಣ ಮತ್ತು ಸಿಲಿಕಾಗಳನ್ನು ವಿಶ್ಲೇಷಿಸಿ. ಎರಡೂ ಖನಿಜಗಳಿಗೆ ಬೇರೆ ಬೇರೆ ವಿಭಜನಾ ರೇಖೆ (ಯಾವ ಗಾತ್ರದ ಕಣ ಎಷ್ಟು ಪಾಲು ಅಂಡರ್‌ಫ್ಲೋಗೆ ಹೋಗುತ್ತದೆ ಎಂದು ತೋರಿಸುವ ರೇಖೆ) ಎಳೆಯದೆ ಒಟ್ಟು ಘನವಸ್ತುವಿಗೆ ಒಂದೇ ರೇಖೆ ಎಳೆದರೆ, ಈ ದೋಷ ಅದರಲ್ಲಿ ಮುಚ್ಚಿಹೋಗುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ ಸೈಕ್ಲೋನ್‌ನ ಬದಲಿಗೆ ಸೂಕ್ಷ್ಮ ಜರಡಿಯನ್ನೇ ಬಳಸಬಹುದೇ?

ಉತ್ತರ 1 ಬರೆದವರು
ಬಳಸಬಹುದು, ಮ್ಯಾಗ್ನೆಟೈಟ್ ಘಟಕಗಳಲ್ಲಿ ಹಾಗೆ ಮಾಡುವುದೂ ಉಂಟು. ಜರಡಿಗೆ ಸಾಂದ್ರತೆಯ ಹಂಗಿಲ್ಲ. ಕಂಡಿಯಲ್ಲಿ ಹಿಡಿಯುವ ಕಣ ಇಳಿಯುತ್ತದೆ, ಹಿಡಿಯದ್ದು ಮೇಲೆ ಉಳಿಯುತ್ತದೆ. ಆದರೆ 75 ಮೈಕ್ರಾನ್‌ನಷ್ಟು ಸಣ್ಣ ಕಂಡಿಗಳಲ್ಲಿ ಪ್ರತಿ ಚದರ ಮೀಟರಿಗೆ ಸಾಗುವ ಸ್ಲರಿ ಕಡಿಮೆ, ಕಂಡಿಗಳ ಅಳತೆಗೆ ಸಮನಾದ ಕಣಗಳು ಸಿಕ್ಕಿಕೊಂಡು ಮುಚ್ಚಿಬಿಡುತ್ತವೆ, ಕಂಡಿ ಸವೆದರೆ ಗಾತ್ರದ ಮಿತಿಯೂ ಸದ್ದಿಲ್ಲದೆ ಜಾರುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆಲೇ ಬದಲಿಸದೆ, ಅಂಡರ್‌ಫ್ಲೋದ ಒಂದು ಭಾಗವನ್ನು ನೀರು ಬೆರೆಸಿ ತೆಳುವಾಗಿಸಿ ಪ್ರಾಯೋಗಿಕ ಜರಡಿಯ ಮೇಲೆ ಹರಿಸಿ, ಕೆಳಗಿಳಿದ ಪುಡಿಯಲ್ಲಿ ಬಿಡಿ ಮ್ಯಾಗ್ನೆಟೈಟ್ ಎಷ್ಟಿದೆ ಎಂದು ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು.