ಚಪ್ಪಲಿ ಜಾರಿದ್ದು ಕಾಲಿಗೆ ಗೊತ್ತಾಗಲಿಲ್ಲ

ಪ್ರಶ್ನೆ (ಬದಿಯಡ್ಕ ಕಡೆಯ ಅಡಿಕೆ ಕೃಷಿಕರು):
ನಮಸ್ಕಾರ ಡಾಕ್ಟ್ರೇ. ನನಗೆ 58 ವರ್ಷ. ಶುಗರ್ ಶುರುವಾಗಿ ಹನ್ನೊಂದು ವರ್ಷ ಆಯ್ತು, ಮೆಟ್‌ಫಾರ್ಮಿನ್ ಎರಡು ಹೊತ್ತು ತಗೊಳ್ತೇನೆ. ಮನೆಯಲ್ಲಿ ಮೀನು, ಮೊಟ್ಟೆ ಇಲ್ಲ. ಆರೇಳು ತಿಂಗಳಿಂದ ಎರಡೂ ಪಾದದಲ್ಲಿ ಏನೋ ವಿಚಿತ್ರ. ರಾತ್ರಿ ಮಲಗಿದರೆ ಹೆಬ್ಬೆರಳಿನ ಒಳಗೆ ಮೊಬೈಲ್ ನಡುಗಿದ ಹಾಗೆ ಜುಂ ಅನ್ನುತ್ತದೆ. ಒಣಗಿದ ನೆಲದಲ್ಲಿ ನಡೆದರೂ ಒದ್ದೆ ಗೋಣಿಯ ಮೇಲೆ ಕಾಲಿಟ್ಟ ಹಾಗೆ. ಮೊನ್ನೆ ತೋಟದಿಂದ ಬರುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಅಂಗಳದಲ್ಲಿ ಮೊಮ್ಮಗಳು "ಅಜ್ಜಾ, ಇನ್ನೊಂದು ಚಪ್ಪಲಿ ಎಲ್ಲಿ?" ಅಂತ ಕೇಳಿದ ಮೇಲೇ ನನಗೆ ಗೊತ್ತಾದದ್ದು. ದಿನವಿಡೀ ಕೂತು ಚಾಲಿ (ಒಣಗಿದ ಅಡಿಕೆ) ಸುಲಿಯುವುದರಿಂದ ಹೀಗಾಯ್ತಾ? ಮೆಡಿಕಲ್ ಶಾಪಿನವರು ನರದ ಮಾತ್ರೆ ಕೊಟ್ಟಿದ್ದಾರೆ, ಶುರು ಮಾಡಲಾ?

ಉತ್ತರ:
ಅಣ್ಣಾ, ಮಾತ್ರೆ ಎರಡು ದಿನ ಹಾಗೇ ಇರಲಿ. ಮೊದಲು ರಕ್ತ ಕೊಡಿ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ನರಗಳಿಗೆ ಬೇಕಾದ ಬಿ12 ವಿಟಮಿನ್ ಇರುತ್ತದೆ. ನುಂಗಿದ ಮೇಲೆ ಪರೀಕ್ಷೆ ಮಾಡಿದರೆ ಲೆಕ್ಕ ಸರಿ ಇದ್ದ ಹಾಗೆ ಕಾಣುತ್ತದೆ, ನಿಜವಾದ ಕೊರತೆ ಅಡಗಿ ಕೂರುತ್ತದೆ.

ನೀವು ಚಪ್ಪಲಿಯ ವಿಷಯ ಬರೆದದ್ದು ತುಂಬಾ ಒಳ್ಳೆಯದಾಯ್ತು. ಜುಮುಜುಮು ಅಂತ ಎಲ್ಲರೂ ಹೇಳುತ್ತಾರೆ. ಚಪ್ಪಲಿ ಕಳಚಿದ್ದು ತಿಳಿಯಲಿಲ್ಲ ಅಂದರೆ ಪಾದದ ಸ್ಪರ್ಶಜ್ಞಾನವೇ ಕಡಿಮೆಯಾಗಿದೆ ಎಂದರ್ಥ. ನಮ್ಮ ದೇಹದ ಅತಿ ಉದ್ದದ ನರಗಳು ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಹೋಗುತ್ತವೆ. ಸಕ್ಕರೆ ಜಾಸ್ತಿಯಾದರೂ ಬಿ12 ಕಡಿಮೆಯಾದರೂ ಮೊದಲು ಸೊರಗುವುದು ಈ ಉದ್ದದ ನರಗಳ ತುದಿ. ಅದಕ್ಕೇ ಎರಡೂ ಕಾಲಲ್ಲಿ, ಬೆರಳಿನಿಂದ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ ಮೇಲೇರುತ್ತದೆ.

ನಿಮ್ಮಲ್ಲಿ ಎರಡು ಕಾರಣಗಳೂ ಒಟ್ಟಿಗೆ ಇರಬಹುದು. ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ, ನೀವಾಗಿ ನಿಲ್ಲಿಸಬೇಡಿ. ಆದರೆ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸೊಪ್ಪು, ಬೇಳೆಯಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಗತಿ. ಗ್ಯಾಸ್ಟ್ರಿಕ್ ಮಾತ್ರೆಯೂ ದಿನಾ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರಿಂದಲೂ ಬಿ12 ಇಳಿಯುತ್ತದೆ.

ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿ12, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಇಷ್ಟನ್ನು ಮಾಡಿಸಿ. ನಿಮ್ಮ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪಾದ ಪರೀಕ್ಷೆ ಮಾಡಲು ಕೇಳಿ. ಮೀನಿನ ಬಲೆಯ ನೂಲಿನಂಥ ನೈಲಾನ್ ಎಳೆಯನ್ನು ಪಾದಕ್ಕೆ ಬಾಗುವಷ್ಟು ಒತ್ತಿ "ಗೊತ್ತಾಯ್ತಾ?" ಅಂತ ಕೇಳುತ್ತಾರೆ. ಆ ಎಳೆ ಬಾಗುವುದು 10 ಗ್ರಾಂ ಒತ್ತಡಕ್ಕೆ. ಅದೂ ತಿಳಿಯದಿದ್ದರೆ ಮುಳ್ಳು ಚುಚ್ಚಿದರೂ ಗಾಯ ಕಣ್ಣಿಗೆ ಬೀಳುವವರೆಗೆ ತಿಳಿಯುವುದಿಲ್ಲ.

ಚರ್ಮದಲ್ಲಿ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ. ಕುಷ್ಠ ಇನ್ನೂ ಪೂರ್ತಿ ಹೋಗಿಲ್ಲ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, 6 ಅಥವಾ 12 ತಿಂಗಳ ಚಿಕಿತ್ಸೆ. ನಾಚಿಕೆಯಿಂದ ತಡ ಮಾಡಿ ಬೆರಳು ಕಳಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಪ್ರಶ್ನೆ (ಪೆರ್ಲದ ಒಬ್ಬರು ಅಕ್ಕ):
ನನಗೆ ಶುಗರ್ ಇಲ್ಲ ಡಾಕ್ಟ್ರೇ. ಅಡಿಕೆ ಸುಲಿದು ಎದ್ದರೆ ಬಲಗಾಲಿನ ಹೊರಬದಿ, ಪಾದದ ಮೇಲ್ಭಾಗ ಮಾತ್ರ ಮರಗಟ್ಟುತ್ತದೆ. ಮೊದಲು ಐದು ನಿಮಿಷದಲ್ಲಿ ಸರಿಯಾಗುತ್ತಿತ್ತು. ಈಗ ಸಂಜೆಯವರೆಗೂ ಹಾಗೇ ಇರುತ್ತದೆ.

ಉತ್ತರ:
ಅಕ್ಕಾ, ಇದರಲ್ಲಿ ಕೂರುವ ಭಂಗಿಯ ಪಾಲು ಇರುವ ಹಾಗೆ ಕಾಣುತ್ತದೆ. ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿ ಒಂದು ಗುಂಡಗಿನ ಎಲುಬು ಕೈಗೆ ಸಿಗುತ್ತದಲ್ವಾ? ಅದರ ಬುಡ ಸುತ್ತಿ ಒಂದು ನರ ಚರ್ಮದ ಹತ್ತಿರದಲ್ಲೇ ಹೋಗುತ್ತದೆ. ಕಾಲು ಮಡಚಿ ಗಂಟೆಗಟ್ಟಲೆ ಕೂತರೆ ಅದು ಅದುಮಿ ಹೋಗುತ್ತದೆ. ಎತ್ತರದ ಸ್ಟೂಲಿನ ಮೇಲೆ ಕೂತು ಸುಲಿಯಿರಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಒತ್ತಡ ತಪ್ಪಿಸಿದರೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಯಾಗುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಬಲಪಾದದ ಮುಂಭಾಗ ಎತ್ತಲು ಬಾರದೆ ನೆಲಕ್ಕೆ ತಾಗಿದರೆ ತಡ ಮಾಡದೆ ನರರೋಗ ತಜ್ಞರಿಗೆ ತೋರಿಸಿ. ಸೊಂಟದಿಂದ ನೋವು ಇಳಿಯುತ್ತಿದ್ದರೆ ಬೆನ್ನಿನ ಡಿಸ್ಕ್ ಕೂಡ ನೋಡಬೇಕಾಗುತ್ತದೆ.

ಪ್ರಶ್ನೆ (ಮಂಜೇಶ್ವರದಿಂದ):
ಯಾವಾಗ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು?

ಉತ್ತರ:
ಒಂದೇ ಬದಿಯ ಕೈಕಾಲು ಥಟ್ಟನೆ ಸೋತರೆ. ಮೂತ್ರ ಕಟ್ಟಿದರೆ, ಅಥವಾ ಕೂರುವ ಜಾಗ ಮರಗಟ್ಟಿದರೆ. ಪಾದದ ಜುಮುಜುಮು ಒಂದೆರಡು ದಿನದಲ್ಲಿ ಮೊಣಕಾಲು ದಾಟಿ, ಏಳಲು ಶಕ್ತಿ ಕುಂದಿದರೆ. ಇವುಗಳಿಗೆ ಬೆಳಗಾಗುವುದನ್ನು ಕಾಯಬೇಡಿ.

ಮೂರು ವಾರದ ಮೇಲೆ, ಬದಿಯಡ್ಕದವರು:
ಡಾಕ್ಟ್ರೇ, ಬಿ12 ಬರೀ 140 ಬಂತು. ಎಚ್‌ಬಿಎ1ಸಿ 8.4. ಇಂಜೆಕ್ಷನ್ ಶುರುವಾಗಿದೆ, ಶುಗರ್ ಮಾತ್ರೆಯೂ ಬದಲಾಯ್ತು. ರಾತ್ರಿಯ ಜುಂ ಸ್ವಲ್ಪ ಕಡಿಮೆ. ಒದ್ದೆ ಗೋಣಿ ಹಾಗೇ ಇದೆ. ಹಂಡೆಯ ಬಿಸಿನೀರಲ್ಲಿ ಕಾಲು ಇಡಬಹುದಾ?

ಉತ್ತರ:
ಬೇಡ ಅಣ್ಣಾ. ಚಪ್ಪಲಿ ಜಾರಿದ್ದು ತಿಳಿಯದ ಕಾಲಿಗೆ ನೀರು ಸುಡುತ್ತಿದೆ ಅಂತಲೂ ತಿಳಿಯುವುದಿಲ್ಲ. ಬೊಬ್ಬೆ ಎದ್ದು ಹುಣ್ಣಾದರೆ ಶುಗರ್ ಇರುವವರಿಗೆ ಮಾಯಲು ತಿಂಗಳುಗಳು ಬೇಕು. ಸ್ನಾನದ ನೀರನ್ನೂ ಮೊಣಕೈ ಅದ್ದಿ ನೋಡಿಯೇ ಹಾಕಿಕೊಳ್ಳಿ. ಬಿ12 200ಕ್ಕಿಂತ ಕೆಳಗೆ ಅಂದರೆ ಕೊರತೆಯೇ. ಒಳ್ಳೆ ಸಮಯಕ್ಕೆ ಸಿಕ್ಕಿತು, ನನಗೆ ನಿಜಕ್ಕೂ ಸಮಾಧಾನ ಆಯ್ತು. ನರ ಚಿಗುರುವುದು ನಿಧಾನ, ತಿಂಗಳುಗಳ ಲೆಕ್ಕ. ಇಂಜೆಕ್ಷನ್ ನಡುವೆ ಬಿಡಬೇಡಿ. ತೋಟಕ್ಕೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ರಾತ್ರಿ ಮಲಗುವ ಮೊದಲು ಮೊಮ್ಮಗಳ ಹತ್ತಿರ ಎರಡೂ ಅಂಗಾಲು ನೋಡಲು ಹೇಳಿ, ಅವಳ ಕಣ್ಣು ಚುರುಕಾಗಿದೆ.