ಮೋಟಾರ್ ಬಿಗಿಯಾಗಿ ನಿಂತಿದೆ, ತಿರುಗುತ್ತಿಲ್ಲ: ಡ್ರೈವರ್ ಹೋಗಿದೆಯಾ, ವೈರಿಂಗಾ?

ಪೀಣ್ಯ ರೂಟರ್:
ಮರ ಕೆತ್ತೋಕೆ ಚಿಕ್ಕ ರೂಟರ್ ಕಟ್ಟುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಯಂತ್ರ ಓಡಿಸೋ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ ಇದೆ. ಪ್ಯಾರಲಲ್ ಪೋರ್ಟ್ (ಹಳೇ ಪ್ರಿಂಟರ್ ಪೋರ್ಟ್) ಕಾರ್ಡಿನಿಂದ, ಸ್ಟೆಪ್ಪರ್ ಮೋಟಾರ್ ಓಡಿಸೋ ಮೂರು ಟಿಬಿ6600 ಡ್ರೈವರ್‌ಗಳಿಗೆ ನೇರ ವೈರ್ ಎಳೆದಿದ್ದೇನೆ. ಪಲ್ಸ್ ಮೈನಸ್, ಡೈರೆಕ್ಷನ್ ಮೈನಸ್ ಎಲ್ಲಾ ಗ್ರೌಂಡ್‌ಗೆ. ಪವರ್ ಕೊಟ್ಟರೆ ಮೂರೂ ಮೋಟಾರ್ ಬಿಗಿಯಾಗುತ್ತವೆ. ಓಡಿಸಿದರೆ ಒಮ್ಮೊಮ್ಮೆ ಜರ್ಕ್ ಹೊಡೆದು ಸುಮ್ಮನಾಗುತ್ತವೆ. ಡ್ರೈವರ್ ಆನ್-ಆಫ್ ಮಾಡೋ ಎನೇಬಲ್‌ಗೆ ವೈರ್ ಹಾಕಿಲ್ಲ, ಅದಕ್ಕೇನಾ?

ಎಸ್.ಪಿ. ರೋಡ್ ಗಿರಾಕಿ:
ಡ್ರೈವರ್ ಹೋಗಿದೆ ಗುರು. ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದುಬಿಡಿ. ತಲೆನೋವು ಬೇಡ.

ಸರ್ಕ್ಯೂಟ್ ಅಕ್ಕ:
ಮೂರೂ ಒಟ್ಟಿಗೆ ಹೋಗುತ್ತವಾ? ಬಿಗಿಯಾಗಿವೆ ಅಂದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತಿದೆ. ಎನೇಬಲ್ ಖಾಲಿ ಬಿಟ್ಟರೆ ಈ ಡ್ರೈವರ್ ಆನ್ ಆಗಿಯೇ ಇರುತ್ತದೆ, ಅದನ್ನು ಬಿಡಿ. ಡೈರೆಕ್ಷನ್ ಪಿನ್ ಹೈ ಮಾಡಿ, ಮೀಟರಿನ ಕಪ್ಪು ಪ್ರೋಬ್ ಪೋರ್ಟಿನ 25ನೇ ಪಿನ್‌ಗೆ (ಗ್ರೌಂಡ್) ಇಟ್ಟು ವೋಲ್ಟೇಜ್ ನೋಡಿ. ಪಲ್ಸ್ ಕಳಿಸೋ ಸ್ಟೆಪ್ ಪಿನ್ ಮೇಲೆ ಬೇಡ. ಅಲ್ಲಿ ಪಲ್ಸ್ ತುಂಬಾ ಚಿಕ್ಕದು, ಮೀಟರ್ ಸರಾಸರಿ ಅಷ್ಟೇ ತೋರಿಸುತ್ತದೆ.

ಪೀಣ್ಯ ರೂಟರ್:
ವೈರ್ ಬಿಚ್ಚಿದಾಗ 3.3. ಡ್ರೈವರ್‌ಗೆ ಸೇರಿಸಿದರೆ 2.6ಕ್ಕೆ ಇಳಿಯುತ್ತಿದೆ ಅಕ್ಕ.

ಸರ್ಕ್ಯೂಟ್ ಅಕ್ಕ:
ಸಿಕ್ಕಿತು ನೋಡಿ. ಡ್ರೈವರ್ ಒಳಗೆ ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸೋ ಆಪ್ಟೋಕಪ್ಲರ್ ಇದೆ, ಅದರ ಎಲ್‌ಇಡಿಯೇ ಸುಮಾರು 1.2 ವೋಲ್ಟ್ ತಿನ್ನುತ್ತದೆ. ಅದರ ಜೊತೆಗಿರೋ ರೆಸಿಸ್ಟರ್‌ಗೆ ಉಳಿಯೋದು 1.4. ಡ್ರೈವರ್‌ಗೆ ಬೇಕಾದ 5 ವೋಲ್ಟ್ ಸಿಕ್ಕಿದ್ದರೆ 3.8 ಉಳಿಯುತ್ತಿತ್ತು. ಅಂದರೆ ಬರಬೇಕಾದ ಕರೆಂಟ್‌ನಲ್ಲಿ ಮೂರನೇ ಒಂದು ಪಾಲಿನಷ್ಟೇ ಬರುತ್ತಿದೆ. ಅದಕ್ಕೇ ಪಲ್ಸ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣಲ್ಲ.

ಲೇತ್ ಮನೆ:
ಹಾಗಾದರೆ ಡ್ರೈವರಿನ ಪ್ಲಸ್‌ಗಳಿಗೆ ಹೊರಗಿನಿಂದ 5 ವೋಲ್ಟ್ ಕೊಟ್ಟು, ಮೈನಸ್‌ಗಳನ್ನು ಪೋರ್ಟ್ ಪಿನ್‌ಗೆ ಹಾಕಿ. ನಮ್ಮ ಶೆಡ್ಡಿನಲ್ಲಿ ಹಾಗೇ ನಡೆಯುತ್ತಿದೆ.

ಸರ್ಕ್ಯೂಟ್ ಅಕ್ಕ:
ನಿಮ್ಮದು 5 ವೋಲ್ಟ್ ಪೋರ್ಟ್ ಇರಬೇಕು ಅಣ್ಣ. ಇಲ್ಲಿ ಪಿನ್ ಹೈ ಆದಾಗಲೂ 1.7 ವೋಲ್ಟ್ ವ್ಯತ್ಯಾಸ ಉಳಿಯುತ್ತದೆ, ಎಲ್‌ಇಡಿ ಪೂರ್ತಿ ಆರಲ್ಲ. ಇವರು ಹಾಗೆ ಮಾಡೋದು ಬೇಡ. ನಡುವೆ 3.3ರ ಸಿಗ್ನಲನ್ನು 5 ವೋಲ್ಟ್ ಮಾಡಿ ಕೊಡೋ 74ಎಸಿಟಿ244 ಬಫರ್ ಐಸಿ ಹಾಕಿ. ಅಂಗಡಿಯವರು 74ಎಸಿ244 ಕೊಟ್ಟರೆ ವಾಪಸ್ ಕೊಡಿ. ಅದಕ್ಕೆ 5 ವೋಲ್ಟ್‌ನಲ್ಲಿ ಹೈ ಅನಿಸಬೇಕಾದರೆ 3.5 ಬೇಕು, ಎಸಿಟಿಗೆ 2 ಸಾಕು. 5 ವೋಲ್ಟ್‌ಗೆ ಹಳೇ ಮೊಬೈಲ್ ಚಾರ್ಜರ್ ನಡೆಯುತ್ತದೆ, ಅದರ ಮೈನಸ್ ಪೋರ್ಟಿನ ಗ್ರೌಂಡ್‌ಗೆ ಸೇರಿರಬೇಕು.

ಎಸ್.ಪಿ. ರೋಡ್ ಗಿರಾಕಿ:
ಬೆಸುಗೆ ಹಾಕೋಕೆ ಬರದವರು ಏನು ಮಾಡಬೇಕು? ಪೋರ್ಟ್ ಪಿನ್‌ಗಳನ್ನು ಸ್ಕ್ರೂ ಟರ್ಮಿನಲ್‌ಗೆ ತರೋ ರೆಡಿ ಬ್ರೇಕ್‌ಔಟ್ ಬೋರ್ಡೇ ಒಳ್ಳೆಯದು ಅಲ್ವಾ?

ಸರ್ಕ್ಯೂಟ್ ಅಕ್ಕ:
ಅದೂ ಸರಿ. ಬೋರ್ಡ್ ಮೇಲೆ ಬಫರ್ ಐಸಿ ಇದೆಯಾ ನೋಡಿ ತಗೊಳ್ಳಿ. ಬರೀ ಸ್ಕ್ರೂ ಟರ್ಮಿನಲ್ ಇರೋ ಬೋರ್ಡಿನಿಂದ ಏನೂ ಬದಲಾಗಲ್ಲ.

ಪೀಣ್ಯ ರೂಟರ್:
ಬಫರ್ ಇರುವ ಬೋರ್ಡ್ ಹಾಕಿದೆ. ಎಕ್ಸ್, ವೈ ಸಲೀಸಾಗಿ ಓಡುತ್ತಿವೆ. ತುಂಬಾ ಥ್ಯಾಂಕ್ಸ್ ಅಕ್ಕ. ಝಡ್ ಮಾತ್ರ ಮೇಲೆ ಹೋಗು ಅಂದರೆ ಕೆಳಗಿಳಿಯುತ್ತಿದೆ.

ಲೇತ್ ಮನೆ:
ಒಂದು ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ, ಅಷ್ಟೇ. ಆದರೆ ಪವರ್ ಪೂರ್ತಿ ತೆಗೆದು, ಸಪ್ಲೈ ದೀಪ ಆರೋವರೆಗೆ ಕಾಯಿರಿ. ಪವರ್ ಇರುವಾಗ ಮೋಟಾರ್ ವೈರ್ ಬಿಚ್ಚಿದರೆ ಚೆನ್ನಾಗಿರೋ ಡ್ರೈವರೂ ಸುಟ್ಟು ಹೋಗಬಹುದು.